ಏಳೂವರೆ ತಿಂಗಳ ಅಕ್ಕ

ನನ್ನ ಅಕ್ಕ ನನಗಿಂತ ಏಳೂವರೆ ತಿಂಗಳು ದೊಡ್ಡವಳು. ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ದತ್ತು-ಗಿತ್ತು ಏನಿಲ್ಲ. ಇದು ಹೇಗಪ್ಪಾ ಸಾಧ್ಯ ಅಂತ ನಿಮಗೀಗ ಅನ್ನಿಸ್ತಿದೆಯಲ್ಲ, ಅದೇ ಅನುಮಾನ 2012ರಲ್ಲಿ ಮುಂಬೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಗಾಜಿನ ಆಚೆ ಕೂತಿದ್ದ ಆಫೀಸರಮ್ಮನಿಗೂ ಬಂತು.

ಅಕ್ಕ ಹುಟ್ಟಿದ್ದು ಕಡೂರು ತಾಲ್ಲೂಕಿನ ನಮ್ಮ ಹಳ್ಳಿ ಮನೆಯ ನಡುಮನೆಯಲ್ಲಿ, ಸೂಲಗಿತ್ತಿ ಅಜ್ಜಿಯ ಕೈಯಲ್ಲಿ. ನಾನೂ ಅಲ್ಲೇ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲೇ ಆದರೂ, ಮಗು ಹುಟ್ಟಿತು ಅಂತ ಹೋಗಿ ಬರೆಸಬೇಕು ಅನ್ನೋದು ನಮ್ಮೂರಿಗೆ ಗೊತ್ತಾಗುವಷ್ಟರಲ್ಲಿ ನಾವಿಬ್ಬರೂ ಹುಟ್ಟಿ, ಬೆಳೆದು, ಜಗಳವಾಡಿ ಮುಗಿಸಿದ್ದೆವು. ಅಮ್ಮನ ಲೆಕ್ಕ ಬೇರೆ. ಅಕ್ಕ ಹುಟ್ಟಿದ್ದು ಎಮರ್ಜೆನ್ಸಿಯಲ್ಲಿ, "ಆಪರೇಷನ್ ಕ್ಯಾಂಪಿಗೆ ಗಂಡಸರನ್ನ ಹಿಡಕೊಂಡು ಹೋಗ್ತಾರೆ ಅಂತ ನಿಮ್ಮಪ್ಪ ತೋಟದಲ್ಲೇ ಮಲಗ್ತಿದ್ರಲ್ಲ, ಆ ಮುಂಗಾರಲ್ಲಿ." ಅಂದರೆ 1976. ನಾನು? "ಇಂದಿರಮ್ಮ ಚಿಕ್ಕಮಗಳೂರಿಗೆ ಎಲೆಕ್ಷನ್ನಿಗೆ ನಿಂತಾಗ ನೀನು ಹೊಟ್ಟೇಲಿದ್ದೆ. ವೋಟು ಹಾಕಕ್ಕೆ ಹೋದಾಗ ಸಾಲಲ್ಲಿ ನಿಲ್ಲಿಸದೆ ಮುಂದೆ ಬಿಟ್ರು." ಆ ಉಪಚುನಾವಣೆ ನಡೆದದ್ದು 1978ರ ನವೆಂಬರಿನಲ್ಲಿ. ಹಾಗಾದರೆ ನಾನು 1979ರ ಫೆಬ್ರವರಿ ಕೂಸು. ನಡುವೆ ಎರಡು ವರ್ಷ ಎಂಟು ತಿಂಗಳು. ಎಲ್ಲ ಸರಿಯಾಗಿದೆ.

ಕೆಟ್ಟದ್ದು ಶಾಲೆಯಲ್ಲಿ. ಅಕ್ಕನನ್ನು ಒಂದು ವರ್ಷ ತಡವಾಗಿ ಸೇರಿಸಿದರು, ನನ್ನನ್ನು ನೋಡಿಕೊಳ್ಳೋಕೆ ಮನೆಯಲ್ಲಿ ಜನ ಬೇಕಿತ್ತಲ್ಲ. ಹೆಡ್‌ಮೇಷ್ಟ್ರು ಅವಳ ವಯಸ್ಸನ್ನು ಆರು ವರ್ಷಕ್ಕೆ ಕೂರಿಸಿ 1-6-1977 ಅಂತ ಬರೆದರು. ಮರುವರ್ಷ ನಾನು ಅಕ್ಕನ ಜೊತೆ ಹೋಗ್ತೀನಿ ಅಂತ ಅತ್ತೆ. ವಯಸ್ಸು ಸಾಲದು. ಅದೇ ಮೇಷ್ಟ್ರು, ಅದೇ ಪೆನ್ನು, 15-1-1978 ಅಂತ ಬರೆದು ಒಳಗೆ ಕೂರಿಸಿಕೊಂಡರು. ಇಬ್ಬರಿಗೂ ಉಪಕಾರವನ್ನೇ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ಎರಡು ಸಾಲನ್ನೂ ಒಟ್ಟಿಗೆ ಇಟ್ಟುಕೊಂಡು ಯಾರೋ ಓದುತ್ತಾರೆ ಅಂತ ಅವರು ಅಂದುಕೊಂಡಿರಲಿಲ್ಲ. ಆಮೇಲೆ ಅದೇ ತಾರೀಖು ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಇಳಿಯಿತು.

ಅಕ್ಕನನ್ನು 1995ರಲ್ಲಿ ಕೊಟ್ಟದ್ದು ಸಂಬಂಧದಲ್ಲೇ, ಆಗಲೇ ಅಮೆರಿಕದ ಪ್ರಜೆಯಾಗಿದ್ದ ಇಂಜಿನಿಯರಿಗೆ. 2000ನೇ ಇಸವಿಯಲ್ಲಿ ಅವಳೂ ಪ್ರಜೆಯಾದಳು. ಆ ವರ್ಷದ ಕೊನೆಗೆ, ನಾನು ಬಿಇ ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಮ್ಮನಿಗೆ ಅಂತ ಪಿಟಿಷನ್ ಹಾಕಿದಳು. ನಾನು ಕೇಳಿರಲಿಲ್ಲ. "ಹಾಕಿಟ್ಟಿರ್ತೀನಿ ಕಣೋ, ಬಂದಾಗ ಬರಲಿ" ಅಂದಳು. ಬಂದದ್ದು ಹನ್ನೆರಡು ವರ್ಷದ ಮೇಲೆ.

ಈ ಹನ್ನೆರಡು ವರ್ಷ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಿಯೇ ನನಗೆ ಈ ಚರಿತ್ರೆಯ ಹುಚ್ಚು ಹಿಡಿದದ್ದು. ಬೇರೆಯವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನಾನು ಪ್ರತಿ ತಿಂಗಳು ವೀಸಾ ಬುಲೆಟಿನ್ ನೋಡುತ್ತಿದ್ದೆ. ಅದರಲ್ಲಿ ಒಂದು ತಾರೀಖು ಇರುತ್ತೆ. ಅದಕ್ಕಿಂತ ಮುಂಚೆ ಅರ್ಜಿ ಹಾಕಿದವರಿಗೆ ಬಾಗಿಲು ತೆರೆದಿದೆ ಅಂತ ಅರ್ಥ. ತಿಂಗಳಿಗೊಂದು ವಾರ, ಎರಡು ವಾರ ಮುಂದೆ ಸರಿಯುತ್ತೆ. 2010ರ ಕೊನೆಗೆ ನಮ್ಮ ತಾರೀಖು ಬಂದೇ ಬಿಟ್ಟಿತು. ಕಾಗದ ಪತ್ರ ಹೊಂದಿಸುವಷ್ಟರಲ್ಲಿ 2011ರ ಜನವರಿಯ ಬುಲೆಟಿನ್ನಿನಲ್ಲಿ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿಬಿಟ್ಟಿತು. ಮಗಳು ಹುಟ್ಟಿದಳು, ಅಪ್ಪ ತೀರಿಕೊಂಡರು, ಬುಲೆಟಿನ್ ಮಾತ್ರ ನೋಡುತ್ತಲೇ ಇದ್ದೆ.

ಲೆಕ್ಕ ಹೀಗಿದೆ. ಅಮೆರಿಕದ ಪ್ರಜೆಗಳ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ ಅಂತ ಇಡೀ ಪ್ರಪಂಚಕ್ಕೆ ವರ್ಷಕ್ಕೆ 65,000 ವೀಸಾ. ಒಂದು ದೇಶಕ್ಕೆ ಒಟ್ಟಿನ ಮೇಲೆ ನೂರಕ್ಕೆ 7ಕ್ಕಿಂತ ಹೆಚ್ಚು ಹೋಗಬಾರದು. ನೂರು ಕೋಟಿ ಜನರ ದೇಶಕ್ಕೂ 7, ಕಡೂರು ತಾಲ್ಲೂಕಿನಷ್ಟು ಜನ ಇರುವ ದೇಶಕ್ಕೂ 7. ಈ ಲೆಕ್ಕ 1990ರ ಕಾಯ್ದೆಯದು. ಅದರ ಬೇರು 1965ರಲ್ಲಿದೆ. ಅದರ ಬೇರು ಇನ್ನೂ ಹಿಂದೆ.

ಹಿಂದೆ ಅಂದರೆ ಎಷ್ಟು ಹಿಂದೆ? ಅಮೆರಿಕ ಹುಟ್ಟಿದ ಹೊಸತರಲ್ಲೇ, 1792ರಲ್ಲಿ, ಜಾರ್ಜ್ ವಾಷಿಂಗ್ಟನ್ ಅವರು ಬೆಂಜಮಿನ್ ಜಾಯ್ ಎಂಬುವರನ್ನು ಕಲ್ಕತ್ತೆಗೆ ಕಾನ್ಸುಲ್ ಆಗಿ ನೇಮಿಸಿದ್ದರು. ಈಸ್ಟ್ ಇಂಡಿಯಾ ಕಂಪನಿ ಆತನನ್ನು ಕಾನ್ಸುಲ್ ಅಂತ ಒಪ್ಪಲೇ ಇಲ್ಲ, ವ್ಯಾಪಾರದ ಏಜೆಂಟ್ ಆಗಿ ಇರು ಬೇಕಾದರೆ ಅಂದಿತು. ಆಗ ಕಾನ್ಸುಲ್‌ಗಳಿಗೆ ಹಡಗು, ಸರಕು, ನಾವಿಕರ ತಕರಾರು, ಇಷ್ಟೇ ಕೆಲಸ. ಹೋಗೋರನ್ನು ಪ್ರಶ್ನೆ ಕೇಳೋದು ಇರಲಿಲ್ಲ. ಅದಾಗಿ ನೂರು ವರ್ಷದ ಮೇಲೆ, 1893ರ ಮೇ 31ಕ್ಕೆ, ಇದೇ ಮುಂಬೈನಿಂದ ಸ್ವಾಮಿ ವಿವೇಕಾನಂದರು ಹಡಗು ಹತ್ತಿದರು. ಹಿಂದಿನ ವರ್ಷ ಮೈಸೂರಿಗೆ ಬಂದು ಚಾಮರಾಜ ಒಡೆಯರನ್ನು ಕಂಡು ಹೋಗಿದ್ದರು. ವೀಸಾ ಇಲ್ಲ, ಇಂಟರ್‌ವ್ಯೂ ಇಲ್ಲ. ಟಿಕೆಟ್ ಇದ್ದರೆ ಆಯಿತು.

ಆದರೆ ಬಾಗಿಲು ಎಲ್ಲರಿಗೂ ತೆರೆದಿತ್ತು ಅಂದುಕೊಳ್ಳಬೇಡಿ. 1882ರಲ್ಲೇ ಚೀನೀ ಕೂಲಿಗಳು ಬರಬಾರದು ಅಂತ ಕಾನೂನು ಆಗಿತ್ತು. ಅದೇ ವರ್ಷದ ಇನ್ನೊಂದು ಕಾಯ್ದೆ ಕೈದಿಗಳು, ಹುಚ್ಚರು, ಮತ್ತು ತಮ್ಮ ಹೊಟ್ಟೆ ತಾವು ಹೊರೆಯಲಾರದೆ ಸರ್ಕಾರಕ್ಕೆ ಹೊರೆ ಆಗುವವರು ಬರಬಾರದು ಅಂದಿತು. ಈ ಕೊನೆಯ ಮಾತು ಭಾಳ ಬೆಲೆಬಾಳುವಂಥದ್ದು. ಯಾರನ್ನಾದರೂ ಹಿಂದಕ್ಕೆ ಕಳಿಸಬೇಕು, ಕಾರಣ ಸಿಗುತ್ತಿಲ್ಲ ಅಂದರೆ "ಹೊರೆ ಆಗಬಹುದು" ಅಂತ ಬರೆದರೆ ಮುಗೀತು. 1907ರ ಸೆಪ್ಟೆಂಬರ್ 4ರ ರಾತ್ರಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಅನ್ನೋ ಊರಿನಲ್ಲಿ ಮರದ ಮಿಲ್ಲುಗಳಲ್ಲಿ ಕೆಲಸ ಮಾಡುತ್ತಿದ್ದ ಪಂಜಾಬಿಗಳನ್ನು ಬಿಳಿಯರ ಗುಂಪು ಹೊಡೆದು ಊರು ಬಿಡಿಸಿತು. ಆಮೇಲೆ ಹಡಗಿನಲ್ಲಿ ಬರುವ ನಮ್ಮವರನ್ನು ತಡೆಯಲು ಅಧಿಕಾರಿಗಳು ಈ "ಹೊರೆ" ಕಲಮನ್ನು ಧಾರಾಳವಾಗಿ ಬಳಸಿದರು: ಇಲ್ಲಿಯ ಜನಕ್ಕೆ ನಿಮ್ಮನ್ನು ಕಂಡರಾಗೋದಿಲ್ಲ, ನಿಮಗೆ ಕೆಲಸ ಸಿಗೋದಿಲ್ಲ, ಆದ್ದರಿಂದ ನೀವು ಸರ್ಕಾರಕ್ಕೆ ಹೊರೆ ಆಗ್ತೀರಿ. ಹೊಡೆಸಿಕೊಂಡವನದ್ದೇ ತಪ್ಪು ಅನ್ನೋ ಈ ತರ್ಕ ನಮ್ಮೂರ ಪಂಚಾಯ್ತಿಗಳಲ್ಲೂ ಕೇಳಿದ್ದೇನೆ.

ಆ ಕಲಮು ಸತ್ತಿಲ್ಲ. 1996ರ ಕಾಯ್ದೆಯ ಮೇಲೆ, ಕರೆಸಿಕೊಳ್ಳುವವರು ಅಫಿಡವಿಟ್ಟು ಬರೆದುಕೊಡಬೇಕು. ಬಡತನದ ರೇಖೆಗಿಂತ ಕಾಲುಪಾಲು ಮೇಲೆ ನನ್ನ ಆದಾಯ ಇದೆ, ಬರುವವನನ್ನು ನಾನು ಸಾಕುತ್ತೇನೆ, ಅವನು ಸರ್ಕಾರದ ಸಹಾಯಧನ ತಗೊಂಡರೆ ನಾನು ಕಟ್ಟಿಕೊಡ್ತೇನೆ ಅಂತ. ಅಕ್ಕ ಅದಕ್ಕೆ ಸಹಿ ಹಾಕಿ ತನ್ನ ತೆರಿಗೆ ಕಾಗದದ ಜೊತೆ ಕಳಿಸಿದಾಗ ನಾನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನ ಪಿಯುಸಿಗೇ ಬಿಡಿಸಿ ನಿನ್ನ ಇಂಜಿನಿಯರಿಂಗ್ ಓದಿಸಿದ್ವಿ. ಈಗ ಅವಳು ನಿನಗೆ ಜಾಮೀನು" ಅಂದಳು. ನಾನೇನೂ ಹೇಳಲಿಲ್ಲ. ಹೇಳೋಕೆ ಇರಲೂ ಇಲ್ಲ.

ನನ್ನ ಅರ್ಜಿಯ ಫಾರಮ್ಮಿನ ಕೊನೆಯಲ್ಲಿ ಹೌದು-ಇಲ್ಲ ಪ್ರಶ್ನೆಗಳ ಪಟ್ಟಿ ಇತ್ತು. ಓದಿದರೆ ನಗು ಬರುತ್ತೆ. ನಿಮಗೆ ಅಂಟುರೋಗ ಇದೆಯೇ? ಬಹುಪತ್ನಿತ್ವ ಆಚರಿಸಲು ಬರುತ್ತಿದ್ದೀರಾ? ಸರ್ಕಾರವನ್ನು ಬುಡಮೇಲು ಮಾಡುವ ಉದ್ದೇಶ ಇದೆಯೇ? ಕಮ್ಯುನಿಸ್ಟ್ ಪಕ್ಷದ ಸದಸ್ಯರೇ? ಜರ್ಮನಿಯ ನಾಜಿ ಸರ್ಕಾರದ ಜೊತೆ ಸೇರಿ ಯಾರಿಗಾದರೂ ಹಿಂಸೆ ಕೊಟ್ಟಿದ್ದೀರಾ? ಕಡೂರಿನವನಿಗೆ ನಾಜಿ ಪ್ರಶ್ನೆ! ಆಮೇಲೆ ಕೂತು ನೋಡಿದರೆ ಒಂದೊಂದು ಪ್ರಶ್ನೆಗೂ ಒಂದೊಂದು ಹುಟ್ಟಿದ ವರ್ಷ ಇದೆ. ರೋಗ, ಬಹುಪತ್ನಿತ್ವ 1891. ಅಧ್ಯಕ್ಷ ಮೆಕಿನ್ಲಿಯನ್ನು 1901ರಲ್ಲಿ ಒಬ್ಬ ಅರಾಜಕತಾವಾದಿ ಕೊಂದ ಮೇಲೆ 1903ರಲ್ಲಿ ಅಂಥವರಿಗೆ ನಿಷೇಧ. ಕಮ್ಯುನಿಸ್ಟ್ 1950. ನಾಜಿ 1978. ನಾವು ಆಫೀಸಿನಲ್ಲಿ ಹಳೇ ಕೋಡನ್ನು ಮುಟ್ಟದೆ ಅದರ ಕೆಳಗೆ ಹೊಸದು ಸೇರಿಸುತ್ತಾ ಹೋಗ್ತೀವಲ್ಲ, ಹಾಗೆ. ಯಾಕೆ ಬರೆದರೋ ಗೊತ್ತಿಲ್ಲ, ತೆಗೆದರೆ ಏನಾಗುತ್ತೋ ಅನ್ನೋ ಭಯ.

ಅಂಟುರೋಗದ ಕತೆಯಂತೂ ಕೇಳಲೇಬೇಕು. 1910ರಲ್ಲಿ ಕೊಕ್ಕೆಹುಳುವನ್ನು ಅಪಾಯಕಾರಿ ರೋಗಗಳ ಪಟ್ಟಿಗೆ ಸೇರಿಸಿದರು. ಬರಿಗಾಲಲ್ಲಿ ಹೊಲ ತುಳಿಯುವ ಎಲ್ಲರ ಹೊಟ್ಟೆಯಲ್ಲೂ ಇರುವ ಹುಳು ಅದು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಇಳಿಯುವ ಏಷ್ಯಾದ ರೈತರನ್ನೆಲ್ಲ ಮಲ ಪರೀಕ್ಷೆ ಮಾಡಿಸಿ, ಹುಳು ಕಂಡರೆ ವಾಪಸ್. ನಮ್ಮ ಶಾಲೆಯಲ್ಲಿ ವರ್ಷಕ್ಕೊಂದು ಸಲ ಸಾಲಾಗಿ ನಿಲ್ಲಿಸಿ ಹುಳುವಿನ ಮಾತ್ರೆ ನುಂಗಿಸುತ್ತಿದ್ದರು. ಅವತ್ತಿನ ಕಾಲಕ್ಕಾದರೆ ನಮ್ಮ ಕ್ಲಾಸಿನಲ್ಲಿ ಒಬ್ಬನೂ ಪಾಸಾಗುತ್ತಿರಲಿಲ್ಲ. ಮುಂಬೈನ ಆಸ್ಪತ್ರೆಯಲ್ಲಿ ನಮ್ಮದು ಎಕ್ಸ್‌ರೇ, ರಕ್ತ ಪರೀಕ್ಷೆ, ಮೂರ್ನಾಲ್ಕು ಚುಚ್ಚುಮದ್ದಿನಲ್ಲಿ ಮುಗಿಯಿತು. ನಾಲ್ಕು ವರ್ಷದ ಮಗಳು ಮಾತ್ರ ಆಸ್ಪತ್ರೆ ಎದ್ದು ಹೋಗುವ ಹಾಗೆ ಅತ್ತಳು.

ಆ ಕಾಲದಲ್ಲಿ ಇಂಟರ್‌ವ್ಯೂ ನಡೆಯುತ್ತಿದ್ದದ್ದು ಊರಿನಲ್ಲಲ್ಲ, ಹಡಗಿಳಿದ ಮೇಲೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಏಂಜೆಲ್ ಐಲ್ಯಾಂಡ್ ಅಂತ ಒಂದು ದ್ವೀಪ. 1910ರಿಂದ 1940ರವರೆಗೆ ವಲಸೆ ಠಾಣೆ ಅಲ್ಲಿತ್ತು. ಚೀನೀಯರೇ ಹೆಚ್ಚು. ಜಪಾನೀಯರು, ರಷ್ಯನ್ನರು, ನಮ್ಮ ಪಂಜಾಬಿಗಳೂ ಇದ್ದರು. ಇಲ್ಲಿಂದಲೇ ನಿಜವಾಗಿ ನನ್ನ ಅಕ್ಕನ ಏಳೂವರೆ ತಿಂಗಳಿಗೂ ಚರಿತ್ರೆಗೂ ಗಂಟು ಬೀಳೋದು.

1906ರ ಏಪ್ರಿಲ್ 18ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಭೂಕಂಪ ಆಯಿತು, ಹಿಂದೆಯೇ ಬೆಂಕಿ. ಊರಿನ ಜನನ ದಾಖಲೆಗಳೆಲ್ಲ ಸುಟ್ಟುಹೋದವು. ಅಮೆರಿಕದಲ್ಲಿ ಹುಟ್ಟಿದವರು ಯಾವ ಜನಾಂಗದವರಾದರೂ ಪ್ರಜೆಗಳು ಅನ್ನೋ ತೀರ್ಪು ಅಷ್ಟರಲ್ಲಿ ಇತ್ತು. ದಾಖಲೆ ಸುಟ್ಟ ಮೇಲೆ ಅಲ್ಲಿದ್ದ ಅನೇಕ ಚೀನೀಯರು ನಾನು ಇಲ್ಲೇ ಹುಟ್ಟಿದ್ದು ಅಂತ ಹೇಳಿಕೊಂಡರು. ಅಲ್ಲ ಅನ್ನೋಕೆ ಸರ್ಕಾರದ ಹತ್ತಿರ ಕಾಗದ ಇಲ್ಲ. ಪ್ರಜೆಯ ಮಕ್ಕಳೂ ಪ್ರಜೆಗಳು. ಊರಿಗೆ ಹೋಗಿ ಬಂದಾಗಲೆಲ್ಲ ಒಬ್ಬ ಮಗ ಹುಟ್ಟಿದ ಅಂತ ಬರೆಸೋದು, ಆ ಜಾಗವನ್ನು ಊರಿನ ಬೇರೆ ಹುಡುಗನಿಗೆ ಮಾರೋದು. ಹಾಗೆ ಬಂದವರನ್ನು ಕಾಗದದ ಮಕ್ಕಳು ಅಂತ ಕರೆದರು. ಚೀನೀಯರಿಗೆ ಬಾಗಿಲು ಮುಚ್ಚಿದ್ದರಿಂದ ಹುಟ್ಟಿದ ಕಳ್ಳದಾರಿ. ಬಾಗಿಲು ತೆರೆದಿದ್ದರೆ ಅದರ ಅಗತ್ಯವೇ ಇರುತ್ತಿರಲಿಲ್ಲ.

ಅಧಿಕಾರಿಗಳು ಬಿಡುತ್ತಾರೆಯೇ? ಇಬ್ಬರು ಇನ್ಸ್‌ಪೆಕ್ಟರು, ಒಬ್ಬ ದುಭಾಷಿ, ಒಬ್ಬ ಬರೆದುಕೊಳ್ಳುವವನು ಕೂತು ಹುಡುಗನನ್ನು ಪ್ರಶ್ನೆ ಕೇಳುವರು. ಅವವೇ ಪ್ರಶ್ನೆ ಅಪ್ಪ ಅನ್ನಿಸಿಕೊಂಡವನಿಗೆ ಬೇರೆ ಕೂರಿಸಿ ಕೇಳುವರು. ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ತುಂಬುವ ಡಬ್ಬ ಎಲ್ಲಿದೆ? ಊರ ಬಾವಿ ಯಾವ ದಿಕ್ಕಿಗೆ? ಎರಡನೇ ಸಾಲಿನ ಮೂರನೇ ಮನೆಯಲ್ಲಿ ಯಾರಿದ್ದಾರೆ? ನೂರಾರು ಪ್ರಶ್ನೆ, ಕೆಲವು ಸಲ ದಿನಗಟ್ಟಲೆ. ಉತ್ತರ ತಾಳೆಯಾಗದಿದ್ದರೆ ವಾಪಸ್. ಹುಡುಗರು ಹಡಗಿನಲ್ಲಿ ಉತ್ತರದ ಪುಸ್ತಕ ಉರು ಹೊಡೆದು, ಬಂದರು ಕಾಣುವ ಹೊತ್ತಿಗೆ ಸಮುದ್ರಕ್ಕೆ ಎಸೆಯುತ್ತಿದ್ದರಂತೆ. ಇದರಲ್ಲಿ ನನಗೆ ಹೊಟ್ಟೆ ಕಿವಿಚಿದ್ದು ಇದು: ಉರು ಹೊಡೆದ ಕಾಗದದ ಮಗ ಸರಿಯಾಗಿ ಹೇಳುವನು, ನಿಜವಾದ ಮಗ ಮರೆತು ಸಿಕ್ಕಿಬೀಳುವನು. ನಮ್ಮ ಮನೆಯ ಜಗಲಿಗೆ ಎಷ್ಟು ಮೆಟ್ಟಿಲು? ಹದಿನೇಳು ವರ್ಷ ಹತ್ತಿ ಇಳಿದಿದ್ದೇನೆ. ಕಣ್ಣು ಮುಚ್ಚಿ ಯೋಚಿಸಿದರೆ ಮೂರೋ ನಾಲ್ಕೋ ಅನ್ನೋದು ಖಾತ್ರಿ ಆಗಲಿಲ್ಲ. ಇಂಟರ್‌ವ್ಯೂ ಹಿಂದಿನ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. "ನಿಂಗೆ ತಲೆ ಕೆಟ್ಟಿದೆಯಾ, ಮಲಿಕ್ಕೋ" ಅಂದಳು.

ಆ ದ್ವೀಪದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕೊಳೆತ ಚೀನೀಯರು ಮರದ ಗೋಡೆಗಳ ಮೇಲೆ ಪದ್ಯ ಕೆತ್ತಿದ್ದರು. 1940ರಲ್ಲಿ ಬೆಂಕಿ ಬಿದ್ದು ಠಾಣೆ ಮುಚ್ಚಿತು. 1970ರಲ್ಲಿ ಕಟ್ಟಡ ಕೆಡವಬೇಕು ಅನ್ನುವಾಗ ಪಾರ್ಕಿನ ಒಬ್ಬ ಕಾವಲುಗಾರ ಟಾರ್ಚ್ ಹಾಕಿ ನೋಡಿ ಆ ಅಕ್ಷರಗಳನ್ನು ಗುರುತಿಸಿದ. ಹಾಗಾಗಿ ಉಳಿದವು. ಕಾಗದದ ಮಕ್ಕಳಲ್ಲಿ ಅನೇಕರು ಸುಳ್ಳು ಹೆಸರಲ್ಲೇ ಸಂಸಾರ ಮಾಡಿ, ಮೊಮ್ಮಕ್ಕಳನ್ನು ಕಂಡರು. 1956ರಲ್ಲಿ ಸರ್ಕಾರ ತಪ್ಪೊಪ್ಪಿಕೊಂಡರೆ ನೋಡೋಣ ಅಂತ ಒಂದು ಯೋಜನೆ ತಂದ ಮೇಲೂ ಭಯದಿಂದ ಬಾಯಿ ಬಿಡದವರಿದ್ದರು.

1915ರಲ್ಲಿ ಇದೇ ದ್ವೀಪಕ್ಕೆ ವೈಷ್ಣೋದಾಸ್ ಬಗಾಯ್ ಅನ್ನುವವರು ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳ ಜೊತೆ ಬಂದರು. ಪೇಶಾವರದ ಅನುಕೂಲಸ್ಥರು, 25,000 ಡಾಲರ್ ತಂದಿದ್ದರು, ಆದ್ದರಿಂದ "ಹೊರೆ" ಅನ್ನೋ ಹಾಗಿರಲಿಲ್ಲ. ಪೇಪರಿನವರು ಕಲಾ ಅವರ ವಜ್ರದ ಮೂಗುಬೊಟ್ಟನ್ನು ಹೊಸ ಫ್ಯಾಷನ್ ಅಂತ ಸುದ್ದಿ ಮಾಡಿದರು. (ಇದನ್ನು ನನ್ನ ಹೆಂಡತಿಗೆ ಹೇಳಿದಾಗ ಇಂಟರ್‌ವ್ಯೂಗೆ ಮೂಗುಬೊಟ್ಟು ಇರಲೋ ಬೇಡವೋ ಅಂತ ಒಂದು ದಿನ ಚರ್ಚೆ ಆಯಿತು. ಇರಲಿ ಅಂತ ತೀರ್ಮಾನ.) ಮನೆ ಕೊಂಡು ಗಾಡಿಯಲ್ಲಿ ಸಾಮಾನು ತುಂಬಿಸಿಕೊಂಡು ಬರ್ಕ್ಲಿಗೆ ಹೋದರೆ ಅಕ್ಕಪಕ್ಕದವರು ಬಾಗಿಲಿಗೆ ಬೀಗ ಜಡಿದಿದ್ದರು. ಆದರೂ ಬಗಾಯ್ ಅಂಗಡಿ ಇಟ್ಟರು, 1921ರಲ್ಲಿ ಪ್ರಜೆಯಾದರು.

ಎರಡೇ ವರ್ಷ. 1790ರ ಕಾನೂನಿನ ಪ್ರಕಾರ ಪ್ರಜೆಯಾಗಲು "ಸ್ವತಂತ್ರ ಬಿಳಿಯ" ಆಗಿರಬೇಕು. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರು. ನಾವು ಎರಡೂ ಅಲ್ಲ. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಇವರ ಕಡೆಯ ವಾದ ಏನು ಗೊತ್ತೆ? ನಾವು ಮೇಲ್ಜಾತಿ ಆರ್ಯರು, ರಕ್ತ ಬೆರೆಸಿಲ್ಲ, ಆದ್ದರಿಂದ ಕಾಕೇಸಿಯನ್, ಆದ್ದರಿಂದ ಬಿಳಿಯರು ಅಂತ. ಅನ್ಯಾಯ ಆದದ್ದು ನಿಜ, ಆದರೆ ಆ ವಾದ ಓದುವಾಗ ನನಗೆ ಮುಜುಗರ ಆಯಿತು. ಇಲ್ಲಿಯ ಜಾತಿ ಸರ್ಟಿಫಿಕೇಟನ್ನು ಅಲ್ಲಿ ತೋರಿಸಿ ಒಳಗೆ ಬಿಡಿ ಅಂದ ಹಾಗಿದೆ. 1923ರ ಫೆಬ್ರವರಿ 19ರಂದು ನ್ಯಾಯಮೂರ್ತಿ ಸದರ್‌ಲ್ಯಾಂಡ್ ಪಂಡಿತರ ಜನಾಂಗಶಾಸ್ತ್ರ ಬೇಡ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಅನ್ನುತ್ತಾನೋ ಅವರೇ ಬಿಳಿಯರು ಅಂತ ತೀರ್ಪು ಕೊಟ್ಟರು. ಹಿಂದೆ ಕೊಟ್ಟಿದ್ದ ಪೌರತ್ವಗಳನ್ನೂ ಕಿತ್ತುಕೊಳ್ಳತೊಡಗಿದರು. ಬಗಾಯ್ ಅವರದ್ದೂ ಹೋಯಿತು. 1928ರಲ್ಲಿ ಊರಿಗೆ ಹೋಗಿ ಬರೋಣವೆಂದರೆ ಅಮೆರಿಕದ ಪಾಸ್‌ಪೋರ್ಟ್ ಇಲ್ಲ ಅಂದರು, ಬೇಕಾದರೆ ಬ್ರಿಟಿಷ್ ಪಾಸ್‌ಪೋರ್ಟ್ ತಗೋ ಅಂದರು. ಬ್ರಿಟಿಷರ ಆಳ್ವಿಕೆ ಬೇಡ ಅಂತ ದೇಶ ಬಿಟ್ಟು ಬಂದ ಮನುಷ್ಯ. ಆ ವರ್ಷ ಒಂದು ಬಾಡಿಗೆ ಕೋಣೆಯಲ್ಲಿ ಗ್ಯಾಸ್ ತಿರುಗಿಸಿಕೊಂಡು ಪ್ರಾಣ ಬಿಟ್ಟರು. ಬರೆದಿಟ್ಟ ಕಾಗದ ಸ್ಯಾನ್‌ಫ್ರಾನ್ಸಿಸ್ಕೊದ ಪೇಪರಿನಲ್ಲಿ ಅಚ್ಚಾಯಿತು. ಕಲಾ ಮಕ್ಕಳನ್ನು ಕಟ್ಟಿಕೊಂಡು ಅಲ್ಲೇ ಉಳಿದರು, ಓದಿಸಿದರು.

1917ರಲ್ಲೇ ಅಕ್ಷಾಂಶ ರೇಖಾಂಶ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದು, ಈ ಗೆರೆಯೊಳಗಿನ ಏಷ್ಯಾದವರು ಬರಬಾರದು ಅಂತ ಮಾಡಿದ್ದರು. 1924ರ ಕಾಯ್ದೆ ಇನ್ನೂ ಬಿಗಿ ಮಾಡಿತು. ನನ್ನ ಮಟ್ಟಿಗೆ ಅದರ ಮುಖ್ಯ ಕೆಲಸ ಒಂದು: ಇಂಟರ್‌ವ್ಯೂವನ್ನು ದ್ವೀಪದಿಂದ ಎತ್ತಿ ಸಮುದ್ರದ ಈಚೆಗೆ ತಂದದ್ದು. ವಲಸೆ ಹೋಗುವವರೆಲ್ಲ ತಮ್ಮ ಊರಿನ ಕಡೆಯ ಕಾನ್ಸುಲೇಟಿನಲ್ಲೇ ವೀಸಾ ಪಡೆದು ಹಡಗು ಹತ್ತಬೇಕು ಅಂದಿತು. ಒಂದು ರೀತಿಯಲ್ಲಿ ಒಳ್ಳೆಯದೇ, ಸಮುದ್ರ ದಾಟಿ ಹೋಗಿ ಬೇಲಿಯೊಳಗೆ ಕೂರುವುದು ತಪ್ಪಿತು. ಆದರೆ ಆ ದ್ವೀಪದಲ್ಲಿ ವಕೀಲರಿದ್ದರು, ಮೇಲ್ಮನವಿ ಇತ್ತು. ಕಾನ್ಸುಲ್ ಇಲ್ಲ ಅಂದರೆ ಅವರ ಕೋರ್ಟುಗಳು ಸಾಮಾನ್ಯವಾಗಿ ಅದರ ತಂಟೆಗೆ ಹೋಗುವುದಿಲ್ಲ.

1946ರ ಜುಲೈ 2ಕ್ಕೆ ಟ್ರೂಮನ್ ಸಹಿ ಹಾಕಿದ ಕಾಯ್ದೆಯಿಂದ ಭಾರತೀಯರು ಮತ್ತೆ ಪ್ರಜೆಗಳಾಗಬಹುದು ಅಂತ ಆಯಿತು. ವರ್ಷಕ್ಕೆ ಕೋಟಾ 100. ಇಡೀ ದೇಶಕ್ಕೆ ಎರಡು ಕೆಂಪು ಬಸ್ಸಿನಷ್ಟು ಜನ. ಅದಕ್ಕಾಗಿ ಓಡಾಡಿದವರಲ್ಲಿ ಒಬ್ಬರು ದಲೀಪ್ ಸಿಂಗ್ ಸೌಂಧ್, ಗಣಿತದಲ್ಲಿ ಡಾಕ್ಟರೇಟ್ ಮಾಡಿ ಕ್ಯಾಲಿಫೋರ್ನಿಯಾದಲ್ಲಿ ಲೆಟ್ಯೂಸ್ ಬೆಳೆಯುತ್ತಿದ್ದವರು. 1949ರಲ್ಲಿ ಪ್ರಜೆ, 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆ. ಆ ಕಾಲದಲ್ಲಿ ನಮ್ಮ ಕಡೆಯವರು ಹೋಗುತ್ತಿದ್ದದ್ದು ಓದಲು. ಎ.ಕೆ. ರಾಮಾನುಜನ್ 1959ರಲ್ಲಿ ಹೋದದ್ದೂ ಫುಲ್‌ಬ್ರೈಟ್ ಮೇಲೆಯೇ.

ಕೊನೆಗೆ 1965ರ ಅಕ್ಟೋಬರ್ 3, ಜಾನ್ಸನ್ ಅವರು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಸಹಿ ಹಾಕಿದರು. ಜನಾಂಗದ ಕೋಟಾ ಹೋಯಿತು. ಇದರಲ್ಲೊಂದು ತಮಾಷೆ ಇದೆ. ಹೊಸ ಕಾಯ್ದೆಯಿಂದ ಬಿಳಿಯರಲ್ಲದವರು ತುಂಬಿಕೊಳ್ಳಬಾರದು ಅನ್ನುವ ಕಾಳಜಿಯಿಂದ ಮೈಕಲ್ ಫೀಗನ್ ಅನ್ನುವ ಸಂಸದರು ಕುಶಲ ಕೆಲಸಗಾರರಿಗಿಂತ ಸಂಬಂಧಿಕರಿಗೆ ಮೊದಲ ಮಣೆ ಹಾಕಿಸಿದರು. ಅಲ್ಲಿರುವವರೆಲ್ಲ ಯುರೋಪಿನವರು, ಅವರ ಅಣ್ಣತಮ್ಮಂದಿರೂ ಯುರೋಪಿನವರೇ ಬರುತ್ತಾರೆ ಅನ್ನೋ ಲೆಕ್ಕ. ಆದರೆ ಯುರೋಪಿನವರಿಗೆ ಅಷ್ಟೊತ್ತಿಗೆ ಬರುವ ದರ್ದು ಇರಲಿಲ್ಲ. ಬಂದವರು ನಾವು. ಡಾಕ್ಟರು, ಇಂಜಿನಿಯರು ಮೊದಲು ಹೋದರು, ಹಿಂದೆ ಅವರ ಅಕ್ಕತಂಗಿ, ಅಣ್ಣತಮ್ಮಂದಿರು. ನಮ್ಮೂರ ಲೈಬ್ರರಿಯಲ್ಲಿ ನಾನು "ಅಮೆರಿಕದಲ್ಲಿ ಗೊರೂರು" ಓದಿದ್ದು, ನನ್ನಕ್ಕ ಡಿಟ್ರಾಯಿಟ್‌ನಲ್ಲಿ ಕೂತು ಪಿಟಿಷನ್ ತುಂಬಿದ್ದು, ಎಲ್ಲ ಆ ಲೆಕ್ಕ ತಪ್ಪಿದ್ದರ ಫಲ.

ಇನ್ನು ನಮ್ಮ ದಿನ. ಕಾನ್ಸುಲೇಟ್ ಮೊದಲು ಬ್ರೀಚ್ ಕ್ಯಾಂಡಿಯಲ್ಲಿ ಸಮುದ್ರದ ಪಕ್ಕ ವಾಂಕಾನೇರ್ ಮಹಾರಾಜರ ಹಳೇ ಅರಮನೆಯಲ್ಲಿತ್ತಂತೆ, 1957ರಲ್ಲಿ 999 ವರ್ಷದ ಗುತ್ತಿಗೆಗೆ ತಗೊಂಡದ್ದು. 2011ರಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಹೊಸ ಕಟ್ಟಡಕ್ಕೆ ಬಂದಿದೆ. ಫೋನು, ಬ್ಯಾಗು ಏನೂ ಒಳಗೆ ಬಿಡುವುದಿಲ್ಲ. ಪಾರದರ್ಶಕ ಫೈಲಿನಲ್ಲಿ ಬದುಕು. ಹಾಲಿನಲ್ಲಿ ಕೂತಿದ್ದವರಲ್ಲಿ ಗುಜರಾತಿ, ಪಂಜಾಬಿ ಸಂಸಾರಗಳೇ ಹೆಚ್ಚು. ಪಕ್ಕದ ಅಜ್ಜಿ ನನ್ನ ಮಗಳಿಗೆ ಹಾಡು ಹೇಳಿಕೊಟ್ಟರು. ನಂಬರ್ ಬಂತು. ಬೆರಳಚ್ಚು, ಬಲಗೈ ಎತ್ತಿ ಪ್ರಮಾಣ. ಆಫೀಸರಮ್ಮ ನನ್ನ ವಯಸ್ಸಿನವರೇ.

ಹೆಸರು, ಕೆಲಸ, ಮದುವೆ ವಿಷಯ ಬೇಗ ಮುಗೀತು. ಆಮೇಲೆ ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡರು. ನನಗೆ ಗೊತ್ತಾಯಿತು.

"ನಿಮ್ಮ ಅಕ್ಕ ನಿಮಗಿಂತ ಎಷ್ಟು ದೊಡ್ಡವರು?"

ಏಳೂವರೆ ತಿಂಗಳು ಅಂದರೆ ಕಾಗದಕ್ಕೆ ಸರಿ, ಆದರೆ ನಾವು ಒಂದು ತಾಯಿಯ ಮಕ್ಕಳಲ್ಲ ಅಂತ ಆಗುತ್ತೆ. ಎರಡು ವರ್ಷ ಎಂಟು ತಿಂಗಳು ಅಂದರೆ ನಿಜ, ಆದರೆ ನನ್ನ ಪಾಸ್‌ಪೋರ್ಟ್ ಸುಳ್ಳಾಗುತ್ತೆ. ಈಗಷ್ಟೇ ಪ್ರಮಾಣ ಬೇರೆ ಮಾಡಿದ್ದೇನೆ. ಆ ಚೀನೀ ಹುಡುಗರು ಉತ್ತರ ಉರು ಹೊಡೆದದ್ದು ಯಾಕೆ ಅಂತ ಅವತ್ತು ಚೆನ್ನಾಗಿ ಅರ್ಥವಾಯಿತು.

"ಕಾಗದದಲ್ಲಿ ಏಳೂವರೆ ತಿಂಗಳು ಮೇಡಂ. ನಿಜವಾಗಿ ಎರಡು ವರ್ಷ ಎಂಟು ತಿಂಗಳು" ಅಂದೆ. ಹೆಡ್‌ಮೇಷ್ಟ್ರ ಕತೆ, ಎಮರ್ಜೆನ್ಸಿ, ಚಿಕ್ಕಮಗಳೂರಿನ ಎಲೆಕ್ಷನ್, ಎಲ್ಲ ಹೇಳಿದೆ. ಹೆಂಡತಿ ಪಕ್ಕದಲ್ಲಿ ನನ್ನ ಅಂಗಿ ಜಗ್ಗುತ್ತಿದ್ದಳು, ಜಾಸ್ತಿ ಮಾತಾಡಬೇಡ ಅಂತ. ತಹಸೀಲ್ದಾರರು ಕೊಟ್ಟ ಜನನ ದಾಖಲೆ ಇಲ್ಲ ಅನ್ನೋ ಪತ್ರ, ಅಮ್ಮನ ಅಫಿಡವಿಟ್ಟು, ಸೂಲಗಿತ್ತಿ ಅಜ್ಜಿ ಬದುಕಿದ್ದಾಗ ಹೆಬ್ಬೆಟ್ಟು ಒತ್ತಿದ್ದ ಅಫಿಡವಿಟ್ಟು, ಎಲ್ಲ ಕಿಟಕಿಯ ಕೆಳಗಿನ ಸಂದಿಯಲ್ಲಿ ತಳ್ಳಿದೆ. ಕಡೂರಿನ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಕೂಡ. ಅಕ್ಕ ಲಂಗ ಹಾಕಿ ನಿಂತಿದ್ದಾಳೆ, ನಾನು ಸ್ಟೂಲಿನ ಮೇಲೆ, ಅವಳು ಬೀಳದ ಹಾಗೆ ನನ್ನ ಚಡ್ಡಿಯ ಪಟ್ಟಿ ಹಿಡಕೊಂಡಿದ್ದಾಳೆ. ಆಫೀಸರಮ್ಮ ಅದನ್ನು ತುಂಬ ಹೊತ್ತು ನೋಡಿದರು. "ಜೂನ್ ಒಂದು," ಅಂತ ಸಣ್ಣಗೆ ನಕ್ಕರು, "ಇವತ್ತು ಬೆಳಿಗ್ಗೆಯಿಂದ ನಾಲ್ಕನೆಯವರು."

ಆದರೂ ಫೋಟೋ ಸಾಕಾಗುವುದಿಲ್ಲ. ಒಂದು ಕಾಗದ ಕೊಟ್ಟರು. ಕೇಸು ಸದ್ಯಕ್ಕೆ ಬಾಕಿ. ಡಿಎನ್‌ಎ ಪರೀಕ್ಷೆ ಮಾಡಿಸಬಹುದು, ಕಡ್ಡಾಯ ಅಲ್ಲ, ನಿಮ್ಮಿಷ್ಟ. ಅಕ್ಕ ಅಲ್ಲಿ ಕೊಡಬೇಕು, ನಾನು ಇಲ್ಲಿ. ಮುಖ್ಯವಾಗಿ ಅಮ್ಮ ಕೊಡಬೇಕು, ಏಕೆಂದರೆ ನಾವಿಬ್ಬರೂ ಅವಳ ಮಕ್ಕಳು ಅಂತಲೇ ತೋರಿಸಬೇಕಾಗಿರೋದು.

ಅಮ್ಮನಿಗೆ ಹೇಗೆ ಹೇಳೋದು ಅನ್ನೋದು ನನ್ನ ಚಿಂತೆ. ನಾನೂ ಹೋದರೆ ಆ ಮನೆಯಲ್ಲಿ ಅವಳೊಬ್ಬಳೇ. ಅಕ್ಕ ಕರೆಸಿಕೊಳ್ತೀನಿ ಅಂತ ಎಷ್ಟು ಸಲ ಅಂದರೂ ಅಮ್ಮ ದನ, ತೋಟ, ಅಪ್ಪನ ತಿಥಿ ಅಂತ ಒಂದೊಂದು ಕಾರಣ ಹೇಳುತ್ತಲೇ ಬಂದಿದ್ದಾಳೆ. ಈಗ ಇರುವ ಇಬ್ಬರು ಮಕ್ಕಳೂ ದೂರ ಹೋಗೋದಕ್ಕೆ ಅವಳೇ ಬಂದು ಸಾಕ್ಷಿ ಕೊಡಬೇಕು. ಹೇಳಿದೆ. "ಸೂಜಿ ಚುಚ್ತಾರಾ?" ಅಂತ ಕೇಳಿದಳು. ಇಲ್ಲ ಅಂದೆ. "ಹಂಗಾದ್ರೆ ಅಡಿಕೆ ಕೊಯ್ಲು ಮುಗಿದ ಮೇಲೆ ಬರ್ತೀನಿ."

ಬೀರೂರಿನಲ್ಲಿ ರೈಲು ಹತ್ತಿಸಿಕೊಂಡು ಮುಂಬೈಗೆ ಕರೆದುಕೊಂಡು ಹೋದೆ. ಚಕ್ಕುಲಿ ಡಬ್ಬ ಹಿಡಕೊಂಡೇ ಬಂದಳು. ಆಸ್ಪತ್ರೆಯಲ್ಲಿ ಅವಳ ಗುರುತಿನ ಚೀಟಿ ನೋಡಿ, ಫೋಟೋ ಹಿಡಿದು, ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿ ಕವರಿಗೆ ಹಾಕಿ ಅಂಟಿಸಿದರು. ನನಗೂ ಹಾಗೇ. ಐದು ನಿಮಿಷ ಆಗಿರಬಹುದು. "ಇಷ್ಟೇನಾ? ಇದಕ್ಕೆ ಇಷ್ಟು ದೂರ ಕರ್ಕೊಂಡ್ಬಂದ್ಯಾ?" ಅಂದಳು.

ಎರಡು ತಿಂಗಳ ಮೇಲೆ ಒಂದು ಬೆಳಗಿನ ಜಾವ ಅಕ್ಕನ ಫೋನು. ಅಮ್ಮ ಆಗ ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದಳು. ಸ್ಪೀಕರಿಗೆ ಹಾಕಿದೆ. ರಿಪೋರ್ಟ್ ಬಂದಿದೆ, ಇಬ್ಬರಿಗೂ ಅಮ್ಮನೇ ತಾಯಿ ಅನ್ನೋ ಸಂಭವ ನೂರಕ್ಕೆ 99.99 ಅಂತ ಬರೆದಿದ್ದಾರೆ ಅಂತ ಅಕ್ಕ ಓದಿದಳು. ಅವಳ ಗಂಟಲು ಕಟ್ಟಿತ್ತು. ಅಮ್ಮ ಕಾಫಿ ಲೋಟ ಕೆಳಗಿಟ್ಟಳು.

"ನೂರಕ್ಕೆ ನೂರು ಯಾಕಿಲ್ಲ?"

"ಅವರು ಹಂಗೇ ಬರೆಯೋದಮ್ಮ, ಅದು ನೂರೇ" ಅಂದೆ.

"ಹಂಗಲ್ಲ ಕಣೋ, ಮಿಕ್ಕಿದ್ದು ಎಲ್ಲೋಯ್ತು ಅಂತ ಕೇಳು ಅವ್ರನ್ನ" ಅಂದಳು ಅಮ್ಮ. ಆ ಕಡೆ ಅಕ್ಕ ನಗೋಕೆ ಶುರು ಮಾಡಿದವಳು ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ.